ಖಾಲಾ ಹಿಡಿದ ಕೈ

ಖಾಲಾ ಒಮ್ಮೆ ಕೈ ಹಿಡಿದಳೆಂದರೆ ಅಷ್ಟು ಹೊತ್ತು ಆ ಕೈ ನಮ್ಮದಲ್ಲ. ಮೊದಲು ಅದನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಳ್ಳುವಳು, ಹಸುಗೂಸನ್ನು ಎಣ್ಣೆ ಹಚ್ಚಲು ಮಲಗಿಸಿಕೊಂಡ ಹಾಗೆ. ಆಮೇಲೆ ಕಿರುಬೆರಳಿನಿಂದ ಶುರು. ಒಂದೊಂದೇ ಬೆರಳು ಎಳೆದು, ಗೆಣ್ಣು ಒತ್ತಿ, ಕೊನೆಗೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ರೊಟ್ಟಿಯ ಹಿಟ್ಟು ನಾದಿದಂತೆ ಇಡೀ ಕೈಯನ್ನು ನಾದುವಳು. ನಾದುತ್ತಾ ಮಾತು. ಅತ್ತೆ ಹೇಗಿದ್ದಾಳೆ, ನಾದಿನಿ ಇನ್ನೂ ಮುನಿಸಿಕೊಂಡಿದ್ದಾಳೋ, ನಿನ್ನೆ ಸಾರಿಗೆ ಏನು ಹಾಕಿದ್ದೆ, ಓಣಿಗೆಲ್ಲಾ ಘಮ ಬಂತಲ್ಲ. ನಾವು ಉತ್ತರ ಹೇಳುತ್ತಾ ಕೂತಿರುವಾಗ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಬಂದು ಕೂತಿರುತ್ತಿತ್ತು.

"ಯಾವಾಗ ಏರಿಸಿದಿ ಖಾಲಾ? ಗೊತ್ತs ಆಗಲಿಲ್ಲ."

"ನೀ ನಿಮ್ಮತ್ತಿನ್ನ ಬೈಯಾಕತ್ತಿದ್ಯಲಾ, ಆವಾಗ. ಅತ್ತಿನ್ನ ಬೈಯೂ ಮುಂದ ಎಂಥಾ ಕಲ್ಲಿನಂಥಾ ಕೈನೂ ಬೆಣ್ಣಿ ಆಕ್ಕಾವು."

ಕಳೆದ ತಿಂಗಳು ಶಾಂತವ್ವ ಪುಣೆಗೆ ಬಂದಿದ್ದಳು. ಗೋವೆಯ ಉಸಗಾಂವದಲ್ಲಿ ನಮ್ಮ ಪಕ್ಕದ ಖೋಲಿಯವಳು, ವಿಜಾಪುರದ ಕಡೆಯವಳು. ಇಲ್ಲಿ ಮೊಮ್ಮಗಳ ಹೆಸರಿಡುವ ಕಾರ್ಯವಿತ್ತು. ಬಂದವಳು ನನ್ನನ್ನು ಹುಡುಕಿಕೊಂಡು ಮನೆಗೂ ಬಂದಳು. ಚಹಾವನ್ನು ಬಸಿಗೆ ಸುರಿದುಕೊಂಡು, ಊದಿ, ಕುಡಿಯದೇ ಕೆಳಗಿಟ್ಟು, "ಖಾಲಾ ಹೋದ್ಲು ನೋಡವಾ," ಅಂದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ನನ್ನ ಬಲಗೈಯ ಹೆಬ್ಬೆರಳು ತಾನಾಗಿಯೇ ಅಂಗೈಯೊಳಗೆ ಹೋಗಿ ಮಡಚಿಕೊಂಡಿತ್ತು. ಶಾಂತವ್ವನೂ ಅದನ್ನೇ ನೋಡುತ್ತಿದ್ದಳು.

ನಾನು ಮದುವೆಯಾಗಿ ಉಸಗಾಂವಕ್ಕೆ ಬಂದದ್ದು ಎಂಬತ್ತರ ದಶಕದ ಮೊದಲಿಗೆ. ನಮ್ಮವರು ಗಣಿಯ ಟಿಪ್ಪರ್ ಓಡಿಸುತ್ತಿದ್ದರು. ಗಣಿಯಿಂದ ಹೊಳೆಯ ದಂಡೆಗೆ ಅದಿರು, ಹೊಳೆಯಿಂದ ಖಾಲಿ ವಾಪಸ್. ರಸ್ತೆಯ ಬದಿಗೆ ಚೀರೆಕಲ್ಲಿನ ಚಾಳು, ಒಂದಕ್ಕೊಂದು ಅಂಟಿಕೊಂಡ ಖೋಲಿಗಳು, ಬಹುತೇಕ ಎಲ್ಲರೂ ನಮ್ಮ ಕಡೆಯವರು. ಟಿಪ್ಪರುಗಳು ಓಡಾಡಿ ಎಬ್ಬಿಸಿದ ಕೆಂಪು ಧೂಳು ಹಾಲಿನ ಪಾತ್ರೆಯಿಂದ ಹಿಡಿದು ಕೂಸಿನ ಕಿವಿಯ ತನಕ ಎಲ್ಲೆಂದರಲ್ಲಿ ಕೂರುತ್ತಿತ್ತು. ಬಂದ ಹೊಸದರಲ್ಲಿ ನಾನು ದಿನವೂ ಆ ಧೂಳಿಗೆ ಅಳುತ್ತಿದ್ದೆ. ಆಗ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತು ಒಬ್ಬಳು ಹೆಂಗಸು ನಕ್ಕಳು.

"ಯಾಕ ಅಳ್ತೀ ಹುಚ್ಚೀ? ಯಾವ ಊರಾಗರ ಕುಂಕುಮ ಪುಕ್ಕಟೆ ಹಾರತೈತೇನು? ಇಲ್ಲಿ ಬಾಗಲಾ ತಗದ್ರ ಸಾಕು, ಹಣೀಗೆ ತಾನs ಬಂದು ಕುಂದರತೈತಿ. ಕೈ ಕೊಡ ಇಲ್ಲೆ."

ಅದೇ ಖಾಲಾ. ಆಕೆಗೂ ಒಂದು ಹೆಸರಿತ್ತು. ಅದು ಆಕೆಯ ಗಂಡನಿಗೆ ಮಾತ್ರ ಗೊತ್ತಿತ್ತು, ಅವನೂ ಕರೆಯುತ್ತಿರಲಿಲ್ಲ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಚಾಳಿನ ಮುದುಕರಿಗೂ ಅವಳು ಖಾಲಾ, ತೊಟ್ಟಿಲ ಕೂಸಿಗೂ ಖಾಲಾ. ಬಾಗಲಕೋಟೆಯ ಕಡೆಯ ಬಳೆಗಾರ ಮನೆತನ. ಕನ್ನಡ, ಉರ್ದು, ಕೊಂಕಣಿ, ಮರಾಠಿ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಕಲಸಿ ಆಡುವಳು, ಕೇಳಿದವರು ತಮ್ಮ ಪಾಲಿನದನ್ನು ಆರಿಸಿಕೊಳ್ಳಬೇಕು.

ಬಳೆ ಇಡುವ ಹೆಂಗಸಿಗೆ ಗಂಡ ಇರಬೇಕು. ನಮ್ಮ ಕಡೆಯವರಿಗೂ ಹಾಗೇ, ಗೋವೆಯ ಕ್ರಿಸ್ತಾಂವರಿಗೂ ಹಾಗೇ. ಅಲ್ಲಿ ಮದುವೆಗೆ ಮುಂಚೆ ಸೋದರಮಾವನ ಮನೆಯಲ್ಲಿ ಹುಡುಗಿಗೆ ಎರಡೂ ಕೈತುಂಬ ಬಳೆ ಇಡಿಸುತ್ತಾರೆ, ಅದಕ್ಕೆ ಚುಡೊ ಅನ್ನುತ್ತಾರೆ. ಚುಡೊ ಇಡಲು ಖಾಲಾಗೆ ಸುತ್ತಲಿನ ಊರುಗಳಿಂದ ಕರೆ ಬರುತ್ತಿತ್ತು. ಆಕೆ ಮುಸಲ್ಮಾನಳು ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ಗಂಡ ಇದ್ದಾನೆಯೇ ಎಂದಷ್ಟೇ ವಿಚಾರಿಸುತ್ತಿದ್ದರು.

ಗಂಡ ಇದ್ದ. ಹಳೆಯ ಲಾರಿ ಡ್ರೈವರ್. ಹೊಟ್ಟೆಗೆ ತಿಂದದ್ದಕ್ಕಿಂತ ಎದೆಗೆ ಎಳೆದುಕೊಂಡ ಧೂಳೇ ಹೆಚ್ಚು. ಬಾಗಿಲ ಬದಿಯ ಹೊರಸಿನ ಮೇಲೆ ಕೂತು ಇಡೀ ದಿನ ಕೆಮ್ಮುತ್ತಿದ್ದ. ಚಾಳಿಗೆ ಅದೊಂದು ಗಡಿಯಾರ. ಖಾಲಾ ಅನ್ನುವಳು, "ಅಂವ ಕೆಮ್ಮೂತನಕಾ ನನ್ನ ಧಂದೆ ಐತ್ರಿ." ಹೊಸ ಗಿರಾಕಿಗಳು ಬಂದು ಕೂತಾಗ ಕೆಮ್ಮು ಕೇಳಿಸದಿದ್ದರೆ ಒಳಗಿನಿಂದಲೇ ಕೂಗುವಳು:

"ಏನ್ರೀ, ಅದೀರಿಲ್ಲೋ? ಒಂಚೂರು ಕೆಮ್ಮರಿ, ಮಂದಿ ಬಂದಾರ!"

ಅವನು ವಿಧೇಯನಾಗಿ ಕೆಮ್ಮುತ್ತಿದ್ದ. ಖಾಲಾ ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸುವಳು. ನಗೆಯ ಮಾತು ಅದು. ಆದರೆ ಯಾವತ್ತಾದರೂ ಮಧ್ಯಾಹ್ನ ಅವನು ಗಾಢವಾಗಿ ಮಲಗಿ ಸದ್ದೇ ಇಲ್ಲದಾದಾಗ, ಬಳೆ ಇಡುತ್ತಿದ್ದ ಆಕೆಯ ಕೈ ನಿಂತುಬಿಡುತ್ತಿತ್ತು. ಅತ್ತ ಕೆಮ್ಮು ಕೇಳಿಸಿದ ಮೇಲೆಯೇ ಇತ್ತ ಬಳೆ ಮುಂದಕ್ಕೆ ಸರಿಯುತ್ತಿತ್ತು.

ನಮ್ಮ ಎದುರಿಗೆ ಕ್ರಿಸ್ತಿನ್ ಬಾಯಿಯ ಮನೆ. ಗಂಡ ತೀರಿಕೊಂಡು ಕಪ್ಪು ಬಟ್ಟೆ ಹಾಕಿಕೊಂಡಿದ್ದ ವಿಧವೆ, ಒಬ್ಬಳೇ ಮಗಳು. ಆ ಮಗಳ ಚುಡೊಕ್ಕೆ, ಅವಳ ಸೋದರಮಾವನ ಮನೆಗೆ, ಖಾಲಾ ನನ್ನನ್ನೂ ಕರೆದುಕೊಂಡು ಹೋಗಿದ್ದಳು, ಬಳೆಯ ಟ್ರಂಕು ಹಿಡಿಯಲು. ಹೆಂಗಸರು ಹಾಡುತ್ತಿದ್ದರು. ಕ್ರಿಸ್ತಿನ್ ಬಾಯಿ ಮಾತ್ರ ಕಪ್ಪು ಉಟ್ಟವಳು ಎದುರಿಗೆ ಬರಬಾರದೆಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಹುಡುಗಿಯ ಕೈ ಅಂಜಿಕೆಗೆ ಬೆವರಿ ಬಿಗಿದಿತ್ತು. "ಹಾತ ಸೈಲ ಸೋಡ ಗೊ, ಕೈ ಸಡ್ಲ ಬಿಡ ಬೇಟಾ," ಎಂದು ಖಾಲಾ ನಾದುತ್ತಲೇ ಇದ್ದಳು. ಹಾಗಿದ್ದೂ ಒಂದು ಬಳೆ ಟಣ್ ಎಂದಿತು.

ಹಾಡು ನಿಂತಿತು. ಚುಡೊದ ಬಳೆ ಒಡೆದರೆ ಏನರ್ಥ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಅಡುಗೆಮನೆಯ ಬಾಗಿಲ ಹಿಂದಿನಿಂದ "ಜೆಜೂ..." ಎಂದು ಯೇಸುವನ್ನು ಕರೆದ ಉಸಿರು ಕೇಳಿಸಿತು. ಕಣ್ಣೆವೆ ಇಕ್ಕುವುದರೊಳಗೆ ಖಾಲಾ ತನ್ನ ಎಡಗೈಯನ್ನು ಟ್ರಂಕಿನ ಅಂಚಿಗೆ ಬಡಿದಳು. ಆಕೆಯದೇ ಎರಡು ಬಳೆ ಪುಡಿಯಾದವು. ಚೂರುಗಳನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು ನಗುತ್ತಾ ಕೂಗಿದಳು.

"ಮ್ಹಜೆಂ ಗೊ, ಮ್ಹಜೆಂ! ನಂದು, ನಂದು! ಮುದಿಕಿ ಕೈ, ಟ್ರಂಕಿಗೆ ತಾಗಿತು. ಹಾಡ್ರೇ ಯಾಕ ನಿಂತ್ರಿ?"

ಹಾಡು ಮತ್ತೆ ಶುರುವಾಯಿತು. ಹುಡುಗಿಯ ಒಡೆದ ಬಳೆಯ ಚೂರನ್ನು ಆಕೆ ಕಾಲಿನಿಂದ ಚಾಪೆಯ ಅಡಿಗೆ ಸರಿಸಿದ್ದು ನನಗೆ ಮಾತ್ರ ಕಂಡಿತು. ದಾರಿಯಲ್ಲಿ ಬರುವಾಗ ನೋಡಿದರೆ ಆಕೆಯ ಮಣಿಕಟ್ಟಿನಲ್ಲಿ ರಕ್ತ. "ಖಾಲಾ, ನಿನ್ನ ಕೈಯಾನ ಬಳಿ ಹಂಗ ಒಡಕೋತಾರೇನು, ಅಂವ ಇರೂ ಮುಂದ?" ಎಂದು ಗದರಿದೆ. ಆಕೆ ನಡೆಯುತ್ತಲೇ ಇದ್ದಳು. "ಒಡೀತು ಅನಬ್ಯಾಡ, ಹೆಚ್ಚಿತು ಅನ್ನು," ಅಂದಳು ಮೊದಲು. ಸ್ವಲ್ಪ ದೂರ ಹೋದ ಮೇಲೆ, "ಆ ಹುಡುಗಿಂದು ಇನ್ನೂ ಹೊಸಾ ಸಂಸಾರ. ನನ್ನಾಂವ ಹೆಂಗೂ ಹಳೇ ಗಾಡಿ, ಇಂಥಾ ಎಷ್ಟೋ ಧಕ್ಕಿ ತಿಂದಾನ," ಅಂದಳು. ಆದರೆ ಚಾಳು ಹತ್ತಿರ ಬಂದಂತೆ ಆಕೆಯ ಹೆಜ್ಜೆ ಜೋರಾಯಿತು. ಕೆಮ್ಮು ಕೇಳಿಸಿದ ಮೇಲೆ ನನ್ನ ಭುಜ ಹಿಡಿದು ಒಂದು ಕ್ಷಣ ನಿಂತಳು.

ಚಾಳೆಂದರೆ ಬರುವವರು ಬರುತ್ತಲೇ ಇರುತ್ತಾರೆ, ಹೋಗುವವರು ಹೋಗುತ್ತಲೇ ಇರುತ್ತಾರೆ. ಗಣಿಯಲ್ಲಿ ಕೆಲಸ ಸಣ್ಣಗಾದರೆ ಕೆಲವರು ಕುಂಕಳ್ಳಿಯ ಕಾರ್ಖಾನೆಗಳ ಕಡೆ, ಕೆಲವರು ವಾಳಪೈಗೆ, ಕೆಲವರು ತಿರುಗಿ ಊರಿಗೆ. ಯಾವ ಹೆಂಗಸು ಚಾಳು ಬಿಟ್ಟರೂ ಅವಳನ್ನು ಕಳಿಸುವ ಪದ್ಧತಿ ಒಂದಿತ್ತು, ಹೇಗೆ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಹೊರಡುವ ದಿನ ಖಾಲಾ ಬಂದು ಬಾಗಿಲ ಬದಿಯ ಬೆಳಕಿಗೆ ಕೂತು ಅವಳ ಎರಡೂ ಕೈಗೆ ಹಸಿರು ಬಳೆ ಇಡುವಳು. ಆಮೇಲೆ ಶಾಂತವ್ವ ಅಕ್ಕಿ, ಕಾಯಿ, ಖಣ ತಂದು ಉಡಿ ತುಂಬುವಳು. ಕ್ರಿಸ್ತಿನ್ ಬಾಯಿ ಬೋಲ ಎಂಬ ತೆಂಗಿನಕಾಯಿಯ ಸಿಹಿ ರೊಟ್ಟಿ ಕಟ್ಟಿಕೊಡುವಳು. ನಾನು ಕುಂಕುಮ ಹಚ್ಚಿ ಹಾಡು ಹೇಳುತ್ತಿದ್ದೆ. ನಮ್ಮಜ್ಜಿಯಿಂದ ಕಲಿತ ಹಾಡುಗಳು, ಮಗಳನ್ನು ಕಳಿಸುವಂಥವು. ಹೋಗುವವಳು ಅಳುತ್ತಾ, ಕೈತುಂಬ ಗಲಗಲ ಅನ್ನುತ್ತಾ ಗಾಡಿ ಹತ್ತುತ್ತಿದ್ದಳು. ಗಾಡಿ ತಿರುವು ದಾಟಿದ ಮೇಲೂ ಆ ಸದ್ದು ಕೇಳಿದಂತೆ ಆಗುತ್ತಿತ್ತು. ನಾವು ನಾಲ್ವರೂ ಅಲ್ಲೇ ಕಟ್ಟೆಗೆ ಕೂತು ಚಹಾ ಕುಡಿದು, ಹೋದವಳ ಬಗ್ಗೆ ಒಂದಿಷ್ಟು ಆಡಿಕೊಂಡು, ಮತ್ತೆ ಅತ್ತು, ಕೆಲಸಕ್ಕೆ ಏಳುತ್ತಿದ್ದೆವು. "ಬರಿಗೈಲೆ ಯಾರನ್ನೂ ಕಳಸಬಾರದು," ಎನ್ನುವುದು ಖಾಲಾಳ ಮಾತು. ನಾನು ಹೋಗುವ ದಿನ ಬಂದರೆ ಇವಳಂತೂ ಮೊಣಕೈಯ ತನಕ ಏರಿಸುತ್ತಾಳೆ ಎಂದು ನಾನೂ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೂ ಇದ್ದೆ.

"ನಿನ್ನ ಎಲ್ಲಿಗೂ ಬಿಡೂದಿಲ್ಲ ತಗೋ," ಅಂದಿದ್ದಳು. "ನಿನ್ನಂಥಾ ಮೆತ್ತನ್ನ ಕೈ ಮತ್ತ ಎಲ್ಲಿ ಸಿಗಬೇಕು ನನಗ?"

ತೊಂಬತ್ತರ ಆಚೀಚೆ ಒಂದು ಮಳೆಗಾಲ ನಮ್ಮವರಿಗೆ ಕಾಮಾಲೆ ಆಯಿತು. ಮಳೆಗೆ ಗಣಿ ನಿಂತಿತ್ತು, ಮನೆಯಲ್ಲೇ ಇದ್ದರು. ಕಣ್ಣು ಹಳದಿಯಾಯಿತು, ಊರವರು ಹೇಳಿದ ಬೇರು ಕುಡಿಸಿದೆವು, ಆಸ್ಪತ್ರೆಗೂ ಒಯ್ದೆವು. ಗಣೇಶ ಚವತಿಗೆ ಮುಂಚೆ ತೀರಿಕೊಂಡರು. ಇದಕ್ಕಿಂತ ಹೆಚ್ಚು ಅದನ್ನು ಬರೆಯಲು ನನಗೆ ಆಗುವುದಿಲ್ಲ.

ಬಳೆ ತೆಗೆಸುವ ದಿನ ಊರಿನಿಂದ ಬಂದ ಮುದುಕಿಯರು ಇದ್ದರು. ಖಾಲಾ ಬರಲಿಲ್ಲ. ಬಳೆಗಾರಳು ಆ ಸದ್ದು ಕೇಳಬಾರದು ಎನ್ನುತ್ತಾರೆ. ನನಗೆ ಗೊತ್ತಿತ್ತು. ಆ ಶ್ರಾವಣದಲ್ಲಿ ಆಕೆಯೇ ಇಟ್ಟ ಬಳೆಗಳು ಅವು.

ಆದರೆ ಆಮೇಲೂ ಆಕೆ ಬರಲಿಲ್ಲ. ಬುಟ್ಟಿ ತೆಗೆದುಕೊಂಡು ಹೋಗುವಾಗ ನಮ್ಮ ಬಾಗಿಲ ಮುಂದಿನ ದಾರಿ ಬಿಟ್ಟು, ಹಿಂದಿನ ಗಟಾರದ ಕಲ್ಲುಗಳ ಮೇಲೆ ಕಾಲಿಡುತ್ತಾ ಹೋಗುತ್ತಿದ್ದಳು. ನಾನು ಹಿತ್ತಲ ಕಿಟಕಿಯಿಂದ ನೋಡುತ್ತಿದ್ದೆ. ಸಿಟ್ಟು ಬರಲಿಲ್ಲ. ಎದುರಾಗಿ ಏನು ಮಾಡಬೇಕು ಆಕೆ? ನನ್ನೆದುರು ಬುಟ್ಟಿ ಇಳಿಸುವ ಹಾಗಿಲ್ಲ. ಬುಟ್ಟಿ ಇಲ್ಲದೆ ಆಕೆಗೆ ಕೂತು ಅಭ್ಯಾಸವಿಲ್ಲ. ಇನ್ನೊಂದು ಮಾತೂ ಇತ್ತು. ಗಂಡ ಸತ್ತವಳ ಮನೆಯಲ್ಲಿ ಕೂತು ಎದ್ದು ಬಂದ ಬಳೆಗಾರಳು ಎಂದು ಸುದ್ದಿಯಾದರೆ ಮದುಮಗಳ ಮನೆಯವರು ಯಾರು ಕರೆಯುತ್ತಾರೆ? ಇದನ್ನು ಆಕೆ ನನಗೆ ಹೇಳಲಿಲ್ಲ, ನಾನು ಆಕೆಯನ್ನು ಕೇಳಲಿಲ್ಲ.

ನಳದ ಹತ್ತಿರ ಮಾತ್ರ ಎದುರಾಗಲೇಬೇಕಿತ್ತು. ಮೊದಲೆಲ್ಲಾ ಖಾಲಾ ಬರುವುದು ಮೂರು ಖೋಲಿ ಆಚೆಯಿಂದಲೇ ಗೊತ್ತಾಗುತ್ತಿತ್ತು, ಅಷ್ಟು ಬಳೆ ಆಕೆಯ ಕೈಯಲ್ಲಿ. ಈಗ ಸದ್ದಿಲ್ಲದೆ ಬಂದು ಪಕ್ಕಕ್ಕೆ ನಿಂತಿರುತ್ತಿದ್ದಳು. ಒಂದು ದಿನ ನೋಡಿದೆ: ಎರಡೂ ಮಣಿಕಟ್ಟಿಗೆ ಹಳೇ ಸೀರೆಯ ಅರಿವೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಕೈಗೆ ಏನೋ ಆಗಿದೆ ಎಂದುಕೊಂಡೆ. ಆಕೆ ನನ್ನ ಕೊಡ ಎತ್ತಿ ಕೊಡುವಾಗ ಅರಿವೆಯೊಳಗಿನ ಗಾಜು ನನ್ನ ಕೈಗೆ ತಾಗಿತು. ನನ್ನ ಹತ್ತಿರ ಬರುವಾಗ ಅವು ಸದ್ದು ಮಾಡಬಾರದೆಂದು ಕಟ್ಟಿಕೊಂಡಿದ್ದಳು. ನಳದಿಂದ ತಿರುಗಿ ಹೋದ ಮೇಲೆ ಬಿಚ್ಚಿಕೊಳ್ಳುತ್ತಿದ್ದಳು. ನನ್ನ ಜೊತೆ ನಳಕ್ಕೆ ಬಂದ ಮಗಳ ತಲೆ ಸವರಿ, "ಊಟಾತೇನು ಬೇಟಾ?" ಎಂದು ಅವಳನ್ನು ಕೇಳುವಳು. ಉತ್ತರ ನಾನು ಹೇಳುವೆ. "ಆತು ಅಂತ ಹೇಳ ಖಾಲಾಗ." ಹೀಗೆ ಮಗುವನ್ನು ನಡುವೆ ನಿಲ್ಲಿಸಿಕೊಂಡು ಮುಂದಿನ ಬೇಸಿಗೆಯ ತನಕ ಮಾತಾಡಿದೆವು.

ಖೋಲಿ ಕೆಲಸ ಮಾಡುವವರಿಗೆ ಕೊಟ್ಟದ್ದು. ಕೆಲಸ ಮಾಡುವವರು ಇಲ್ಲದ ಮೇಲೆ ಬಿಡಲೇಬೇಕು. ಪುಣೆಯಲ್ಲಿ ಕಾರ್ಖಾನೆ ಸೇರಿದ್ದ ಅಣ್ಣ, ಮಗಳ ಪರೀಕ್ಷೆ ಮುಗಿಯುವುದನ್ನೇ ಕಾದು ನಮ್ಮನ್ನು ಕರೆದೊಯ್ಯಲು ಬಂದ. ನಾನು ಪುಣೆಯನ್ನು ನೋಡಿರಲಿಲ್ಲ. ಊರು ದೊಡ್ಡದು, ಅಲ್ಲಿ ನಮ್ಮ ಮಾತು ಆಡುವವರು ಕಡಿಮೆ, ಅಷ್ಟೇ ಗೊತ್ತು. ಸಾಮಾನು ಕಟ್ಟುವಾಗ ನನ್ನ ತಲೆಯಲ್ಲಿ ಇದ್ದದ್ದು ಪುಣೆ ಅಲ್ಲ. ಎಷ್ಟೋ ಜನರನ್ನು ಈ ಬಾಗಿಲಿನಿಂದ ನಾವು ನಾಲ್ವರು ಕಳಿಸಿದ್ದೆವು. ನನ್ನನ್ನು ಹೇಗೆ ಕಳಿಸುತ್ತಾರೆ? ಬಳೆ ಇಲ್ಲ, ಕುಂಕುಮ ಇಲ್ಲ, ಉಡಿ ಇಲ್ಲ. ಹಾಡು ಹೇಳುತ್ತಿದ್ದವಳು ನಾನೇ, ಈಗ ಹಾಡುವವರೂ ಇಲ್ಲ. ಖಾಲಾ ಹಿಂದಿನ ಗಟಾರದ ದಾರಿ ಹಿಡಿದು ಹೋಗಿಬಿಟ್ಟರೆ? ಹಾಗೇನಾದರೂ ಆದರೆ ಆಕೆಯದು ತಪ್ಪಲ್ಲ ಎಂದು ನನಗೆ ನಾನೇ ಮೊದಲೇ ಹೇಳಿಟ್ಟುಕೊಂಡೆ. ಆದರೂ ಕಿವಿ ಹೊರಗೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಮೊದಲು ಬಂದವಳು ಶಾಂತವ್ವ. ಗಡಿಬಿಡಿಯ ಹೆಂಗಸು ಅದು, ಕಾಲು ಮೊದಲು, ತಲೆ ಆಮೇಲೆ. ಕೈಯಲ್ಲಿ ತಾಟು. ತಾಟಿನಲ್ಲಿ ಅಕ್ಕಿ, ಕಾಯಿ, ಮಡಚಿದ ಖಣ, ಎಲೆ ಅಡಿಕೆ, ಕುಂಕುಮದ ಬಟ್ಟಲು. "ಎಲ್ಲಿ, ಪದರಾ ಒಡ್ಡು, ನಿಂತ್ಯಾಕ," ಎನ್ನುತ್ತಾ ಹೊಸ್ತಿಲು ದಾಟಿದವಳು ನನ್ನ ಹಣೆ ನೋಡಿದಳು.

ತಾಟನ್ನು ಎದೆಗೆ ಎಳೆದುಕೊಂಡಳು. ಅಕ್ಕಿ ಒಂದಿಷ್ಟು ಚೆಲ್ಲಿತು.

"ಯವ್ವಾ... ನಾ ಏನ ಮಾಡಾಕತ್ತೇನಿ ನೋಡ. ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ. ದಿನಾ ಎಲ್ಲಾರಿಗೂ ಮಾಡಿ ಮಾಡಿ..."

"ಇರಲಿ ಶಾಂತಕ್ಕಾ."

ಅವಳಿಗೆ ಒಳಗೆ ಬರಲೂ ಆಗದು, ತಾಟು ಕೆಳಗಿಡಲೂ ಆಗದು. ಉಡಿ ತುಂಬಲು ತಂದದ್ದನ್ನು ತಿರುಗಿ ಒಯ್ಯಬಾರದು, ನನಗೆ ಕೊಡಲೂಬಾರದು. ಅಲ್ಲೇ ನಿಂತು ಅಳತೊಡಗಿದಳು. ಕೊನೆಗೆ ಎದುರುಮನೆಯಿಂದ ಕ್ರಿಸ್ತಿನ್ ಬಾಯಿ ಬಂದು ತಾಟನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಮನೆಯೊಳಗೆ ಇಟ್ಟು ಬಂದಳು. "ಓಗಿ ರಾವ ಗೊ, ಸುಮ್ಮನಿರು," ಎಂದು ಯಾರಿಗೆ ಹೇಳಿದಳೋ, ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ಆ ಕಪ್ಪು ಬಟ್ಟೆಯಲ್ಲಿ ಸೋಪಿನ ವಾಸನೆ ಇತ್ತು. ಅವಳ ಬೋಲ ಮಾತ್ರ ಯಾವಾಗಿನ ಹಾಗೇ ಬಂದಿತ್ತು, ಪೇಪರಿನಲ್ಲಿ ಸುತ್ತಿ. ಶಾಂತವ್ವ ಮನೆಗೆ ಓಡಿ ಹೋಗಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತಂದಳು.

"ಇದನ್ನರ ತಗೋ. ರೊಟ್ಟಿಗೆ ಯಾವ ಶಾಸ್ತ್ರಾನೂ ಇಲ್ಲ."

ಟೆಂಪೋ ಬಂದು ರಸ್ತೆಯಲ್ಲಿ ನಿಂತಿತು. ಫೋಂಡಾಕ್ಕೆ ಹೋಗಿ ಅಲ್ಲಿಂದ ಪುಣೆಯ ಬಸ್ಸು ಹಿಡಿಯಬೇಕು. ಅಣ್ಣ, ಟೆಂಪೋದವನು ಸಾಮಾನು ಏರಿಸುತ್ತಿದ್ದರು. ನಾನು ಖಾಲಿ ಖೋಲಿಯಲ್ಲಿ ಕಸ ಹೊಡೆಯುತ್ತಿದ್ದೆ. ಬಿಟ್ಟು ಹೋಗುವ ಮನೆಯ ಕಸ ಯಾಕೆ ಹೊಡೆಯಬೇಕು, ಅದು ಗೊತ್ತಿಲ್ಲ. ಬಾಗಿಲ ಬೆಳಕು ಸ್ವಲ್ಪ ಕಡಿಮೆಯಾಯಿತು. ತಲೆಯೆತ್ತಿದೆ. ಖಾಲಾ ನಿಂತಿದ್ದಳು. ಮುಂದಿನ ಬಾಗಿಲಲ್ಲಿಯೇ. ಬುಟ್ಟಿ ಇರಲಿಲ್ಲ. ಎರಡೂ ಮಣಿಕಟ್ಟಿಗೆ ಅರಿವೆ.

"ಒಂಚೂರು ಕುಂದರ್ತೀನಿ," ಅಂದಳು.

ಯಾವಾಗಲೂ ಕೂರುವಲ್ಲೇ ಕೂತಳು, ಬಾಗಿಲ ಬದಿಯ ಬೆಳಕಿಗೆ. ನಾನು ಯಾವಾಗಲೂ ಕೂರುವಲ್ಲೇ ಎದುರಿಗೆ ಕೂತೆ. ಚಾಪೆ ಗಾಡಿಗೆ ಹೋಗಿತ್ತು, ನೆಲ ತಣ್ಣಗಿತ್ತು.

"ಪುಣೇದಾಗ ಥಂಡಿ ಭಾಳ ಅಂತಾರ."

"ಹೌದಂತ."

"ಅಣ್ಣನ ಹೇಣ್ತಿ, ನಿಮ್ಮ ವೈನಿ, ಹೆಂಗದಾಳ?"

"ಚಲೋ ಅದಾಳ."

"ಚಲೋ ಇರಲಿ. ಇಲ್ಲಾಂದ್ರೂ ನೀ ಚಲೋ ಅದಾಳ ಅಂತs ಅನ್ನಬೇಕವಾ ಇನ್ನ."

ಇಷ್ಟು ಅಂದು ಆಕೆ ನನ್ನ ಬಲಗೈ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ವರ್ಷದ ಹತ್ತಿರ ಆ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಕಿರುಬೆರಳು ಎಳೆದಳು. ಗೆಣ್ಣು ಒತ್ತಿದಳು. ಮಗಳನ್ನು ಯಾವ ಶಾಲೆಗೆ ಹಾಕ್ತೀ, ಮರಾಠಿ ಬರ್ತೈತೇನು ಅವಳಿಗೆ, ಅಣ್ಣನ ಮನಿಯಾಗ ನಳ ಒಳಗೋ ಹೊರಗೋ. ನಾನು ಹೇಳುತ್ತಾ ಹೋದೆ. ಇಷ್ಟು ದಿನ ಮಗುವನ್ನು ನಡುವೆ ನಿಲ್ಲಿಸಿ ಆಡಿದ ಮಾತೆಲ್ಲಾ ಈಗ ನೇರವಾಗಿ ಬರುತ್ತಿತ್ತು. ಅಣ್ಣ ಮಾತು ಕಡಿಮೆ ಖಾಲಾ, ರಾತ್ರಿ ನಿದ್ದಿ ಬರೂದಿಲ್ಲ ಖಾಲಾ, ಆ ಊರಾಗ ನಾ ಯಾರ ಜೋಡಿ ಮಾತಾಡ್ಲಿ. ಆಕೆ ಹ್ಞೂಂ ಹ್ಞೂಂ ಅನ್ನುತ್ತಾ ನಾದುತ್ತಿದ್ದಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ಕೈ ಮೆತ್ತಗಾಗಿತ್ತು. ಎಡಗೈಯಲ್ಲಿ ನನ್ನ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದುಕೊಂಡು ತನ್ನ ಬಲಗೈಯನ್ನು ಪಕ್ಕಕ್ಕೆ ಚಾಚಿದಳು, ಯಾವಾಗಲೂ ಬುಟ್ಟಿ ಇರುವ ಕಡೆಗೆ.

ಕೈ ನೆಲ ತಡವಿತು. ಸ್ವಲ್ಪ ಆಚೆ ತಡವಿತು. ಮತ್ತೆ ಈಚೆ. ಆಮೇಲೆ ಬರಿ ನೆಲದ ಮೇಲೆ ಹಾಗೇ ನಿಂತುಬಿಟ್ಟಿತು.

ಖಾಲಾ ತನ್ನ ಬಲಗೈಯನ್ನು ನೋಡಿದಳು, ಬೇರೆ ಯಾರದೋ ಕೈ ನೋಡುವ ಹಾಗೆ.

"ನೋಡ ಇದನ್ನ," ಅಂದಳು. "ಮೂಳ ಕೈ. ಮನ್ಯಾಗಿಂದ ಹೇಳಿ ಕರಕೊಂಡು ಬಂದೇನಿ. ಬುಟ್ಟಿ ಬಿಟ್ಟು ಬಂದೇನಿ. ಆದ್ರೂ ಕೇಳವಲ್ಲದು."

"ಇರಲಿ ಖಾಲಾ."

"ಏನ ಇರಲಿ? ಎಲ್ಲಾರೂ ಇರಲಿ ಇರಲಿ ಅಂತೀರಿ. ಏನೈತಿಲ್ಲಿ, ಇರಲಿ ಅನ್ನಾಕ?"

ನನ್ನ ಅಣ್ಣನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಇದನ್ನು ಕೇಳಿದಾಗ, "ಅತ್ತೀ, ಹಾಕೋಬೇಕಿತ್ತು ಬಳಿ, ಯಾರ ಏನ ಮಾಡ್ತಿದ್ರು?" ಅಂದಳು. ಅವಳು ಹೇಳುವುದು ಸರಿಯೇ. ಈಗ ಎಷ್ಟೋ ಜನ ಹಾಕಿಕೊಳ್ಳುತ್ತಾರೆ. ಆದರೆ ಆ ಖೋಲಿಯಲ್ಲಿ ಕೂತಿದ್ದ ನಮಗಿಬ್ಬರಿಗೂ ಅದು ಹೊಳೆಯಲೂ ಇಲ್ಲ. ಹೊಳೆದಿದ್ದರೂ ಆಗುತ್ತಿರಲಿಲ್ಲ. ನಾನು ನನ್ನ ಅಜ್ಜಿ ಕಲಿಸಿದ್ದನ್ನು ಮೀರುವವಳಲ್ಲ, ಆಕೆ ತನ್ನ ಗಂಡನ ಕೆಮ್ಮಿನ ಮೇಲೆ ಬದುಕಿದವಳು. ನಮಗಿಬ್ಬರಿಗೂ ಗೊತ್ತಿದ್ದದ್ದು ಒಂದೇ ರೀತಿಯ ಬೀಳ್ಕೊಡುಗೆ. ಅದು ಇಲ್ಲ ಎಂದಾದ ಮೇಲೆ ಇನ್ನೊಂದು ಯಾವುದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಖಾಲಾ ಆಮೇಲೆ ಮಾಡಿದ್ದು ಇಷ್ಟೇ. ನೆಲದ ಮೇಲಿನ ತನ್ನ ಕೈ ಎತ್ತಿಕೊಂಡು ಮತ್ತೆ ನನ್ನ ಕಿರುಬೆರಳಿನಿಂದ ಶುರು ಮಾಡಿದಳು. ಎಳೆದು, ಒತ್ತಿ, ಮಡಚಿ, ನಾದಿ. ಈ ಸಲ ಮಾತಿಲ್ಲ. ಮುಗಿಯಿತು ಎನ್ನುವಾಗ ಎಡಗೈ ತೆಗೆದುಕೊಂಡಳು. ಅದೂ ಆಯಿತು. ಮತ್ತೆ ಬಲಗೈ. ಹೊರಗೆ ಹೊರಸಿನ ಮೇಲೆ ಆಕೆಯ ಗಂಡ ಕೆಮ್ಮುತ್ತಿದ್ದದ್ದು ಕೇಳಿಸುತ್ತಿತ್ತು. ಟೆಂಪೋದವನು ಹಾರ್ನ್ ಬಾರಿಸಿದ.

"ಬಿಡ ಖಾಲಾ, ಗಾಡಿ ಹೊಂಟೈತಿ."

"ಬಿಡಾಕತ್ತೇನಿ," ಅಂದಳು. ಬಿಡಲಿಲ್ಲ.

ಮತ್ತೆ ಹಾರ್ನ್. ಅಣ್ಣ ಬಾಗಿಲಿಗೆ ಬಂದು, "ನಡೀವಾ ತಂಗೀ, ಬಸ್ ತಪ್ಪತೈತಿ," ಅಂದ. ನಮ್ಮನ್ನು ನೋಡಿ ಮುಖ ಆಚೆ ತಿರುಗಿಸಿ ನಿಂತುಕೊಂಡ.

"ಬಿಡಾಕತ್ತೇನ್ರಿ ಅಣ್ಣಾರ, ಬಿಡಾಕತ್ತೇನಿ. ಆತು ಇನ್ನ." ಖಾಲಾ ನನ್ನ ಗೆಣ್ಣುಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅಳತೆ ನೋಡಿದಳು, ಹೊಸ ಗಿರಾಕಿಯದು ನೋಡುವ ಹಾಗೆ. "ಅದs ಅಳತಿ ಐತಿ," ಅಂದಳು. "ಏನೂ ಬದಲಾಗಿಲ್ಲ."

ಆಕೆಯ ಮುಂದಿನ ದಿನಗಳ ವಿಷಯ ನನಗೆ ತಿಳಿದದ್ದು ಈಗ, ಶಾಂತವ್ವ ಹೇಳಿದ ಮೇಲೆ. ನಾನು ಪುಣೆಗೆ ಬಂದು ಕೆಲ ವರ್ಷಕ್ಕೆ ಆ ಕೆಮ್ಮು ನಿಂತಿತಂತೆ. ಚುಡೊಕ್ಕೆ ಕರೆಯುವವರು ತಾವಾಗಿಯೇ ಬೇರೆ ಕಡೆ ಹೋದರಂತೆ, ಯಾರೂ ಕೆಟ್ಟ ಮಾತು ಆಡಲಿಲ್ಲವಂತೆ. ಖಾಲಾ ಟ್ರಂಕು ತನ್ನ ತಂಗಿಯ ಸೊಸೆಗೆ ಕೊಟ್ಟು, ಹತ್ತಿರದ ತಿಸ್ಕ ಎಂಬ ಕೂಡುರಸ್ತೆಯ ನಾಕಾದಲ್ಲಿ ಗೋಣಿ ಹಾಸಿಕೊಂಡು ಪಿನ್ನು, ರಿಬ್ಬನ್, ಬಾಚಣಿಕೆ ಮಾರುತ್ತಿದ್ದಳಂತೆ. "ಪಿನ್ನಾ ತಗೊಳ್ಳಾಕ ಬಂದ ಹುಡುಗ್ಯಾರ ಕೈ ಹಿಡದು ನಾದತಿದ್ಲವಾ," ಅಂದಳು ಶಾಂತವ್ವ. "ಹುಡುಗ್ಯಾರು ನಗತಿದ್ವು. ಪಾಪ, ಕುಂತು ನಾದಿಸಿಕೋತಿದ್ವು."

ಅವತ್ತು ಆಕೆ ಅಳತೆ ನೋಡಿ ಕೈ ಬಿಟ್ಟ ಮೇಲೆ ನಾನು ಎದ್ದೆ. ಹೊಸ್ತಿಲು ದಾಟುವಾಗ ಹಿಂದೆ ತಿರುಗಿ ನೋಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನೋಡಲಿಲ್ಲ. ಟೆಂಪೋದ ಹಿಂದೆ, ಗಂಟುಗಳ ನಡುವೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತೆ. ಗಾಡಿ ಹೊರಟಾಗ ಧೂಳು ಎದ್ದಿತು. ಹಣೆಗೆ ಬಂದು ಕೂತದ್ದನ್ನು ಸೆರಗಿನಿಂದ ಒರೆಸಿಕೊಂಡೆ. ಆ ಊರಿನಲ್ಲಿ ಕುಂಕುಮ ಪುಕ್ಕಟೆ ಹಾರುತ್ತದೆ, ನನಗೆ ಮಾತ್ರ ಅದನ್ನು ಒರೆಸಿಕೊಳ್ಳುವ ಕೆಲಸ.

ಆಮೇಲೆ ನೋಡಿದೆ. ಶಾಂತವ್ವ, ಕ್ರಿಸ್ತಿನ್ ಬಾಯಿ ಕಟ್ಟೆಯ ಮೇಲೆ ನಿಂತಿದ್ದರು. ನನ್ನ ಖಾಲಿ ಖೋಲಿಯ ಬಾಗಿಲಲ್ಲಿ ಖಾಲಾ. ಮಗಳು ಕೈ ಬೀಸಿದಳು. ಅದನ್ನು ನೋಡಿ ಖಾಲಾ ತಾನೂ ಕೈ ಎತ್ತಿ ಬೀಸಿದಳು, ಜೋರಾಗಿ. ಅಷ್ಟು ಹೊತ್ತು ನಾದಿ ನಾದಿ ಅರಿವೆ ಸಡಿಲವಾಗಿತ್ತೋ ಏನೋ, ಬಿಚ್ಚಿಕೊಂಡು ಜೋತುಬಿತ್ತು. ಬಳೆಗಳು ಗಲ್ಲೆಂದವು. ಎಷ್ಟೋ ತಿಂಗಳ ಮೇಲೆ ಕೇಳಿದ ಸದ್ದು. ಗಾಡಿಯ ಸದ್ದಿನಲ್ಲಿಯೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಖಾಲಾ ಬೆಚ್ಚಿ ಇನ್ನೊಂದು ಕೈಯಿಂದ ಅವನ್ನು ಮುಚ್ಚಿ ಹಿಡಿದಳು. ಹಾಗೆ ಹಿಡಿದುಕೊಂಡೇ, ಬೀಸಲೂ ಆಗದೆ, ಇಳಿಸಲೂ ಆಗದೆ, ಎತ್ತಿದ ಕೈಯಲ್ಲಿ ನಿಂತಿದ್ದಳು, ಗಾಡಿ ತಿರುವು ದಾಟುವ ತನಕ.